ಮೊದಲಕ್ಷರದ ನಂಟು: ಕೇರಳದ ಕೆಲವು ಕಪ್ಪೆಗಳ ಹೆಸರು

ಅಕಾರಾದಿ ಕ್ರಮವು ಪದವನ್ನು ಹುಡುಕುವವನ ಅನುಕೂಲಕ್ಕಾಗಿ ಏರ್ಪಟ್ಟದ್ದು. ಪದ ಸೂಚಿಸುವ ಜೀವಿಗಳ ನಂಟನ್ನು ಅದು ಹೇಳುವುದಿಲ್ಲ. ಕಪ್ಪೆಗಳ ಹೆಸರುಗಳನ್ನು ಹಾಗೆ ಜೋಡಿಸಿದರೆ ‘ಮ’ಕಾರದಲ್ಲಿ ಮಲಬಾರ್ ಹಾರುಕಪ್ಪೆಯೂ ಮಲಬಾರ್ ಮರಗಪ್ಪೆಯೂ ನೆರೆಹೊರೆಯಾಗುತ್ತವೆ. ಎರಡನೆಯದು ವಾಸ್ತವವಾಗಿ ನೆಲಗಪ್ಪೆಗಳ ಕುಲದ್ದು. ಇವನ್ನು ಕೂಡಿಸಿರುವುದು ನಾಡಿನ ಹೆಸರು ಮಾತ್ರ. ಆ ಹೆಸರಿನ ಮೊದಲಲ್ಲಿರುವುದು ನಮ್ಮ ‘ಮಲೆ’ಯೇ.

2003ರಲ್ಲಿ, ತಿರುವನಂತಪುರ ಜಿಲ್ಲೆಯ ಪಾಲೋಡಿನ ಸಸ್ಯೋದ್ಯಾನ ಸಂಶೋಧನ ಸಂಸ್ಥೆಯಲ್ಲಿದ್ದ ಎಸ್. ಡಿ. ಬಿಜು ಅವರು ಬೆಲ್ಜಿಯಮ್ಮಿನ ಫ್ರಾಂಕಿ ಬೊಸ್ಸುಯ್ಟ್ ಅವರೊಡನೆ ಇಡುಕ್ಕಿಯ ಊದಾಬಣ್ಣದ ಕಪ್ಪೆಯೊಂದನ್ನು ಶಾಸ್ತ್ರಲೋಕಕ್ಕೆ ಪರಿಚಯಿಸಿದರು. ವರ್ಷವೆಲ್ಲ ನೆಲದೊಳಗಿದ್ದು, ಮಳೆಗಾಲದ ಆರಂಭದಲ್ಲಿ ಕೆಲವೇ ದಿನ ಮೇಲೆ ಬರುವುದರಿಂದ ಮಲಯಾಳದಲ್ಲಿ ಅದು ‘ಪಾತಾಳತ್ತವಳ’. ಮೂತಿಯ ಆಕಾರದಿಂದ ‘ಪನ್ನಿಮೂಕ್ಕನ್’. ‘ಮಹಾಬಲಿತ್ತವಳ’ವೆಂಬ ಹೆಸರೂ ಉಂಟು. ಕೊಚ್ಚಿಯ ಬಳಿಯ ತೃಕ್ಕಾಕ್ಕರದ ವಾಮನಕ್ಷೇತ್ರವನ್ನೂ ಓಣಮ್ಮನ್ನೂ ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಈ ಹೆಸರಿನಿಂದ ಅದು ಮಲಬಾರ್ ಕಪ್ಪೆಗಳ ಪಕ್ಕದಲ್ಲಿ ಕೂಡುತ್ತದೆ. ಅದರ ಹತ್ತಿರದ ಬಂಧುಗಳಾದರೋ ಕಡಲಾಚೆ, ಸೆಷೆಲ್ಸ್ ದ್ವೀಪಗಳಲ್ಲಿವೆ.

ಕನ್ನಡಕ್ಕೆ ತರುವಾಗ ಇನ್ನೊಂದು ತೊಡಕು. ಮಲಯಾಳದ ‘ಪನ್ನಿ’ ಹಳಗನ್ನಡದ ‘ಪಂದಿ’, ಇಂದಿನ ‘ಹಂದಿ’. ‘ಪಾತಾಳ’ ತತ್ಸಮವಾದುದರಿಂದ ಪಕಾರದಲ್ಲೇ ಉಳಿಯಿತು, ದೇಶ್ಯವು ಹಕಾರಕ್ಕೆ ಹೋಯಿತು. ಮಲಯಾಳದಲ್ಲಿ ಒಂದೇ ಅಕ್ಷರದಡಿ ಸಿಗುವ ಎರಡು ಹೆಸರುಗಳು ನಮ್ಮಲ್ಲಿ ಬೇರೆ ಬೇರೆ ಪುಟಗಳಿಗೆ ಚದುರುತ್ತವೆ. ಪ್ರಾಣಿಯ ಬಾಳುವೆಯನ್ನೇ ಹೇಳುವ ‘ಪಾತಾಳಗಪ್ಪೆ’ಯನ್ನು ಮುಖ್ಯ ಉಲ್ಲೇಖವಾಗಿಟ್ಟು, ‘ಹಂದಿಮೂಗಿನ ಕಪ್ಪೆ’ಯ ಎದುರು ‘ನೋಡಿ’ ಎಂದು ಸೂಚಿಸುವುದು ಯುಕ್ತವೆಂದು ನನಗೆ ತೋರುತ್ತದೆ.