ನಿಯಮ ಬದಲಿಸಲು ಎಷ್ಟು ಕೈ ಏಳಬೇಕು?

ಯಾದಗಿರಿ, ಶಹಾಪುರ, ಸುರಪುರದ ಯುವಕರು ಸರ್ಕಾರಿ ನೌಕರಿಗೆ ಅರ್ಜಿ ತುಂಬಲು ಕುಳಿತರೆ ಮೊದಲು ಹುಡುಕುವುದು ‘371ಜೆ ಸರ್ಟಿಫಿಕೇಟ್’. ಉಪವಿಭಾಗಾಧಿಕಾರಿಯ ಸಹಿ ಇರುವ ಆ ಒಂದು ಹಾಳೆ ಇದ್ದರೆ, ಈ ಭಾಗದ ‘ಸಿ’ ದರ್ಜೆಯ ಹುದ್ದೆಗಳಲ್ಲಿ ಶೇ 80, ‘ಡಿ’ ದರ್ಜೆಯಲ್ಲಿ ಶೇ 85ರಷ್ಟು ಸ್ಥಳೀಯ ಮೀಸಲಿಗೆ ಸ್ಪರ್ಧಿಸಬಹುದು. ಅದರ ಹಿಂದೆ ಇರುವುದು ದಿಲ್ಲಿಯಲ್ಲಿ ನಡೆದ ಒಂದು ಮತದಾನ. ಅಲ್ಲಿ ಬರೀ ಬಹುಮತ ಸಾಲುತ್ತಿರಲಿಲ್ಲ.

ಹಳೆಯ ನಿಜಾಮ ಸೀಮೆ 1956ರಲ್ಲಿ ಮೂರು ಪಾಲಾಯಿತು. ಮರಾಠವಾಡಕ್ಕೆ ಆಗಲೇ ಸಂವಿಧಾನದ 371ನೇ ವಿಧಿಯ ಆಸರೆ ದೊರೆಯಿತು. ತೆಲಂಗಾಣವನ್ನೊಳಗೊಂಡ ಆಂಧ್ರಕ್ಕೆ 1973ರ ತಿದ್ದುಪಡಿ ಕಾಯ್ದೆಯಿಂದ 371ಡಿ ಬಂತು. ಕನ್ನಡ ಜಿಲ್ಲೆಗಳ ಪಾಲಿಗೆ ಉಳಿದದ್ದು ಕಾಯುವ ಕೆಲಸ. ಚಿಂಚೋಳಿಯ ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಬೀದಿಗಿಳಿದು ಕೂಗಿದರು. ಗುರುಮಠಕಲ್‌ನಿಂದ ಎಂಟು ಸಲ ಗೆದ್ದಿದ್ದ ಮಲ್ಲಿಕಾರ್ಜುನ ಖರ್ಗೆ ಕೇಂದ್ರದಲ್ಲಿ ಸಚಿವರಾಗಿದ್ದ ಕಾಲಕ್ಕೆ, 2012ರ ಡಿಸೆಂಬರ್‌ನಲ್ಲಿ, 371ಜೆ ವಿಧಿಯನ್ನು ಸೇರಿಸುವ ಮಸೂದೆಯನ್ನು ಸಂಸತ್ತು ಒಪ್ಪಿತು. ಮಂಡಿಸಿದಾಗ ಅದು 118ನೇ ತಿದ್ದುಪಡಿ ಮಸೂದೆ, ಕಾಯ್ದೆಯಾದಾಗ 98ನೇ ತಿದ್ದುಪಡಿ. ಮಂಡನೆಯಾದ ಮಸೂದೆಗಳೆಲ್ಲ ದಡ ಸೇರುವುದಿಲ್ಲ ಎಂಬುದಕ್ಕೆ ಈ ಎರಡು ಸಂಖ್ಯೆಗಳ ಅಂತರವೇ ಸಾಕ್ಷಿ.

ದಡ ಸೇರುವುದು ಕಷ್ಟವಾಗಿರುವುದು 368ನೇ ವಿಧಿಯ ಲೆಕ್ಕದಿಂದ. ತಿದ್ದುಪಡಿಗೆ ಪ್ರತಿಯೊಂದು ಸದನದಲ್ಲೂ ಎರಡು ಪರೀಕ್ಷೆ: ಸದನದ ಒಟ್ಟು ಸಂಖ್ಯೆಯ ಅರ್ಧಕ್ಕಿಂತ ಹೆಚ್ಚು ಮತ, ಜೊತೆಗೆ ಹಾಜರಿದ್ದು ಮತ ಹಾಕಿದವರ ಮೂರನೇ ಎರಡು ಪಾಲು. ಆಗ ಲೋಕಸಭೆಯ ಬಲ 545. ಮುನ್ನೂರು ಮಂದಿ ಮತ ಹಾಕಿ ಇನ್ನೂರು ಮಂದಿ ಒಪ್ಪಿದ್ದರೆ ಮೂರನೇ ಎರಡರ ಪರೀಕ್ಷೆ ಪಾಸು, ಆದರೆ 273 ತಲುಪದ ಕಾರಣ ಮಸೂದೆ ಫೇಲು. ಮನೆಯಲ್ಲಿ ಕುಳಿತ ಸದಸ್ಯನೂ ಹೀಗೆ ‘ಬೇಡ’ ಎಂದವನ ಲೆಕ್ಕಕ್ಕೇ ಸೇರುತ್ತಾನೆ. ಎರಡು ಸದನಗಳಿಗೆ ಒಮ್ಮತವಾಗದಿದ್ದರೆ ಜಂಟಿ ಅಧಿವೇಶನ ಕರೆಯುವ ದಾರಿಯೂ ಇಲ್ಲಿಲ್ಲ.

ಈ ಲೆಕ್ಕಾಚಾರವನ್ನೇ ಆಟವಾಗಿಸಿದವರು ಅಮೆರಿಕದ ತತ್ವಶಾಸ್ತ್ರದ ಪ್ರಾಧ್ಯಾಪಕ ಪೀಟರ್ ಸ್ಯೂಬರ್. ಅವರ ‘ನೊಮಿಕ್’ 1982ರ ಜೂನ್‌ನಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ಅಂಕಣದಲ್ಲಿ ಮೊದಲು ಬೆಳಕು ಕಂಡಿತು. ಚೌಕಾಬಾರ ಆಡುವ ಮಕ್ಕಳು ನಡುವೆಯೇ ‘ನಮ್ಮೂರಾಗ ಹಂಗಿಲ್ಲ’ ಎಂದು ಜಗಳಕ್ಕೆ ನಿಲ್ಲುತ್ತಾರಲ್ಲ, ನೊಮಿಕ್‌ನಲ್ಲಿ ಆ ಜಗಳವೇ ಆಟ. ತನ್ನ ಸರದಿ ಬಂದವನು ಕಾಯಿ ನಡೆಸುವುದಿಲ್ಲ, ಒಂದು ನಿಯಮವನ್ನು ಬದಲಿಸೋಣ ಎಂದು ಸೂಚಿಸುತ್ತಾನೆ. ಎಲ್ಲರೂ ಮತ ಹಾಕಲೇಬೇಕು. ಆಮೇಲೆ ಸೂಚಿಸಿದವನು ದಾಳ ಎಸೆದು ಅಂಕ ಗಳಿಸುತ್ತಾನೆ.

ಶುರುವಿನಲ್ಲಿರುವ ನಿಯಮಗಳು 29. ಅವುಗಳಲ್ಲಿ 101ರಿಂದ 116ರವರೆಗಿನವು ಬಿಗಿ, 201ರಿಂದ 213ರವರೆಗಿನವು ಸಡಿಲ. ಬಿಗಿ ನಿಯಮವನ್ನು ನೇರವಾಗಿ ಮುಟ್ಟುವಂತಿಲ್ಲ. ಮೊದಲು ಅದನ್ನು ಸಡಿಲದ ಸಾಲಿಗೆ ಇಳಿಸಬೇಕು, ಅದಕ್ಕೆ ಒಬ್ಬರೂ ತಕರಾರು ಎತ್ತಬಾರದು. ಸಡಿಲ ನಿಯಮಕ್ಕೂ ಮೊದಲೆರಡು ಸುತ್ತು ಸರ್ವಾನುಮತ ಬೇಕು. ಸರ್ವಾನುಮತ ಬೇಕೆನ್ನುವ ಆ ನಿಯಮವನ್ನು ಅಷ್ಟರೊಳಗೆ ಯಾರೂ ತಿದ್ದದಿದ್ದರೆ ಅದು ತಾನಾಗಿ ಸರಳ ಬಹುಮತಕ್ಕೆ ಇಳಿಯುತ್ತದೆ. ಸೂಚನೆ ಬಿದ್ದರೆ ಸೂಚಿಸಿದವನಿಗೆ 10 ಅಂಕ ನಷ್ಟ. ಬಹುಮತದ ಕಾಲದಲ್ಲಿ, ಗೆದ್ದ ಸೂಚನೆಯ ವಿರುದ್ಧ ಮತ ಹಾಕಿದವರಿಗೆ ತಲಾ 10 ಅಂಕ ಲಾಭ. ಸೋತವರ ಕೈಗೂ ಏನಾದರೂ ಸಿಗಬೇಕೆಂಬ ಈ ಏರ್ಪಾಡು ನಮ್ಮ ವಿಧಾನಸೌಧದಲ್ಲಿಲ್ಲ, ಅದೇ ಬೇಸರ.

ಮತದ ಪ್ರಮಾಣವನ್ನು ಹೇಳುವ ನಿಯಮವನ್ನೇ ಬದಲಿಸುವುದು ಹೇಗೆ ಎಂಬುದು ಸ್ಯೂಬರ್ ಅವರನ್ನು ಕಾಡಿದ ನಿಜವಾದ ಒಗಟು. ಸಂವಿಧಾನ ಇದನ್ನು ಮೊದಲೇ ಊಹಿಸಿತ್ತು: 368ನೇ ವಿಧಿಯನ್ನು ತಿದ್ದಬೇಕಾದರೆ ಸಂಸತ್ತಿನ ಜೊತೆ ಕನಿಷ್ಠ ಅರ್ಧದಷ್ಟು ರಾಜ್ಯಗಳ ಶಾಸಕಾಂಗಗಳೂ ಒಪ್ಪಬೇಕು. 371ಜೆಗೆ ಆ ಹೆಚ್ಚಿನ ಮೆಟ್ಟಿಲು ಬೇಕಿರಲಿಲ್ಲ. ಆದರೆ 1971ರ 24ನೇ ತಿದ್ದುಪಡಿ ಸ್ವತಃ 368ನೇ ವಿಧಿಗೇ ಕೈ ಹಾಕಿತು, ಮೂಲಭೂತ ಹಕ್ಕುಗಳನ್ನೂ ತಿದ್ದಬಹುದೆಂದು ಬರೆದುಕೊಂಡಿತು.

ಅದಕ್ಕೆ ಮಿತಿ ಹಾಕಿದ ತೀರ್ಪಿನ ಹೆಸರಿನಲ್ಲಿರುವುದು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ. ಕೇರಳದ ಭೂಸುಧಾರಣೆಯನ್ನು ಪ್ರಶ್ನಿಸಿ ಅವರು ಹೂಡಿದ ದಾವೆಯನ್ನು 13 ನ್ಯಾಯಮೂರ್ತಿಗಳು ಕೇಳಿದರು. 1973ರ ಏಪ್ರಿಲ್ 24ರಂದು ಬಂದ ತೀರ್ಪು: ಸಂಸತ್ತು ಯಾವ ವಿಧಿಯನ್ನಾದರೂ ತಿದ್ದಬಹುದು, ಸಂವಿಧಾನದ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ನೊಮಿಕ್‌ನ ಬಿಗಿ ನಿಯಮಗಳಿಗೆ ಕ್ರಮಸಂಖ್ಯೆ ಇದೆ. ಈ ಮೂಲ ಸ್ವರೂಪದ ಪಟ್ಟಿ ಸಂವಿಧಾನದ ಯಾವ ಪುಟದಲ್ಲೂ ಇಲ್ಲ. ಇನ್ನೂ ಸ್ವಾರಸ್ಯವೆಂದರೆ, ಮೂರನೇ ಎರಡು ಬಹುಮತಕ್ಕೂ ಬಗ್ಗದ ಈ ಗೆರೆಯನ್ನು ಎಳೆದದ್ದು 7–6ರ, ಅಂದರೆ ಒಂದೇ ಮತದ ಅಂತರದ ತೀರ್ಪು.

ಊರಿನ ಮಟ್ಟದಲ್ಲೂ ಇಂಥ ಬೇಲಿಗಳಿವೆ. ಶಹಾಪುರದ ಸಹಕಾರ ಸಂಘವೊಂದು ಮಹಾಸಭೆಯಲ್ಲಿ ಬೈಲಾ ತಿದ್ದಿದರೂ, 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಂತೆ ನೋಂದಣಿಯಾಗುವ ತನಕ ಆ ತಿದ್ದುಪಡಿಗೆ ಬೆಲೆಯಿಲ್ಲ.

2019ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಈ ಭಾಗಕ್ಕೆ ‘ಕಲ್ಯಾಣ ಕರ್ನಾಟಕ’ ಎಂದು ಹೆಸರಿಟ್ಟಿತು. ಅದಕ್ಕೆ ಸಚಿವ ಸಂಪುಟದ ಒಪ್ಪಿಗೆ ಸಾಕಾಯಿತು. 371ಜೆ ವಿಧಿಯಲ್ಲಿ ಮಾತ್ರ ಇರುವುದು ‘ಹೈದರಾಬಾದ್–ಕರ್ನಾಟಕ’ ಎಂದೇ. ಆ ಹೆಸರನ್ನು ಅಳಿಸಲು ಬೇಕಾದದ್ದು ಸಂಸತ್ತಿನ ಮತ.