ಹೊಸ್ತಿಲ ಅಳತೆ ಬಲ್ಲವರು

ಅಂಗಡಿಯ ಬಾಗಿಲು ತೆರೆದಿದ್ದರೆ ಸಾಲದು. ಬಂದವರೆಲ್ಲ ಒಳಗೆ ಬರುವಂತಿರಬೇಕು. ಈ ಸರಳ ಮಾತು ನಮ್ಮ ಮನಸ್ಸಿಗೆ ನಾಟಿದ್ದು ಈಚೆಗೆ, ಪರಿಚಿತರೊಬ್ಬರ ಜವಳಿ ಅಂಗಡಿಯಲ್ಲಿ. ಮೂರು ಮೆಟ್ಟಿಲುಗಳ ಪಕ್ಕದಲ್ಲಿ ಅವರು ಹೊಸದಾಗಿ ಇಳಿಜಾರು ದಾರಿ ಕಟ್ಟಿಸಿದ್ದರು. ಅದನ್ನು ನೋಡಲೆಂದು ಗಾಲಿಕುರ್ಚಿ ಬಳಸುವ ಯುವಕನೊಬ್ಬನನ್ನು ಕರೆಸಿದ್ದರು.

"ಯಜಮಾನರೇ, ಇದು ಸರಕಿನ ಗಾಡಿಗೆ ಆದೀತು, ನನಗಾಗದು. ಹತ್ತುವಾಗ ಕುರ್ಚಿ ಹಿಂದಕ್ಕೆ ಮಗುಚುತ್ತದೆ" ಎಂದನಾತ.

"ಎಂಜಿನಿಯರರೇ ನಿಂತು ಕಟ್ಟಿಸಿದರಲ್ಲಪ್ಪ!"

"ಅವರು ನಡೆದು ಹತ್ತಿ ನೋಡಿರುತ್ತಾರೆ" ಎಂದು ಯುವಕ ನಕ್ಕನು.

ಆ ನಗೆಯಲ್ಲಿ ಪಾಠವಿತ್ತು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕೆಂಬುದು ಮಾನ್ಯವಾದ ಅಳತೆ. ಒಂದೂವರೆ ಅಡಿ ಎತ್ತರದ ಆ ಜಗಲಿಗೆ ೧೮ ಅಡಿ ಬೇಕಿತ್ತು. ಕಟ್ಟಿದ್ದು ಆರೇ ಅಡಿ. ಹಿಡಿಕಂಬಿಯೂ ಇರಲಿಲ್ಲ. ಮುಂದೆ ಆತ ಒಂದೊಂದಾಗಿ ತೋರಿಸಿದನು: ಮೂರಡಿಗಿಂತ ಕಿರಿದಾದ ಬಾಗಿಲು, ಕುಳಿತವರ ಕೈಗೆಟುಕದ ಗಲ್ಲಾ, ಹಳೆಯ ಪೆಟ್ಟಿಗೆಗಳನ್ನು ತುಂಬಿದ ಶೌಚಾಲಯ. "ಕಣ್ಣು ಕಾಣದವರನ್ನೂ ಕಿವಿ ಕೇಳದವರನ್ನೂ ಕರೆಸಿ ಕೇಳಿರಿ, ಗುರುತಿಲ್ಲದ ಗಾಜಿನ ಬಾಗಿಲಿನ ಅಪಾಯ, ಬರಿಯ ಗಂಟೆಯುಳ್ಳ ಬೆಂಕಿ ಎಚ್ಚರಿಕೆಯ ಕೊರತೆ ಅವರಿಗೇ ಚೆನ್ನಾಗಿ ಗೊತ್ತು" ಎಂದನು.

ಇದು ಇಂದು ಒಂದು ವೃತ್ತಿಯಾಗಿ ಬೆಳೆದಿದೆ. ಸ್ವತಃ ಗಾಲಿಕುರ್ಚಿ ಬಳಸುವ ಅಂಜಲಿ ಅಗರ್ವಾಲರು ಕಟ್ಟಿ ಬೆಳೆಸಿದ ದೆಹಲಿಯ 'ಸಾಮರ್ಥ್ಯಂ' ಸಂಸ್ಥೆಯು ಕಟ್ಟಡಗಳನ್ನೂ ಸಾರಿಗೆಯನ್ನೂ ಹೀಗೆ ತಪಾಸಣೆ ಮಾಡುತ್ತ ಬಂದಿದೆ.

ಕಾನೂನೂ ಇದೆ. ೨೦೧೬ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಸರ್ಕಾರಿ ಕಚೇರಿಗಳನ್ನಲ್ಲದೆ ಖಾಸಗಿ ಸಂಸ್ಥೆಗಳನ್ನೂ ಒಳಗೊಳ್ಳುತ್ತದೆ. ದೃಷ್ಟಿದೋಷವುಳ್ಳ ರಾಜೀವ್ ರತೂರಿಯವರು ೨೦೦೫ರಲ್ಲಿ ಹೂಡಿದ್ದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೨೪ರ ನವೆಂಬರ್ ೮ರಂದು ತೀರ್ಪಿತ್ತು, ಸುಗಮ ಪ್ರವೇಶದ ಕನಿಷ್ಠ ನಿಯಮಗಳು ಬರಿಯ ಸಲಹೆಗಳಾಗಿರದೆ ಕಡ್ಡಾಯವಾಗಿರಬೇಕೆಂದು ಹೇಳಿತು. ೨೦೧೧ರ ಜನಗಣತಿಯಂತೆ ದೇಶದಲ್ಲಿ ೨.೬೮ ಕೋಟಿ, ಕರ್ನಾಟಕದಲ್ಲಿಯೇ ೧೩ ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದರು. ಇವರೆಲ್ಲ ಗಿರಾಕಿಗಳೂ ಹೌದು. ವಯಸ್ಸಾದವರು, ಬಸುರಿಯರು, ಮೊಣಕಾಲು ನೋವಿನ ನಮ್ಮಂಥವರು ಇದಕ್ಕೆ ಸೇರಿದರೆ ಲೆಕ್ಕ ಇನ್ನೂ ಬೆಳೆಯುತ್ತದೆ.

ಅಂದು ಯಜಮಾನರು ಯುವಕನಿಗೆ ಶಾಲು ಹೊದಿಸಿ ಹಣ್ಣು ಕೊಟ್ಟರು. ಆತ ವಿನಯದಿಂದಲೇ, "ಶಾಲು ಸಂತೋಷ. ಆದರೆ ಎಂಜಿನಿಯರರಿಗೆ ಶುಲ್ಕ ಕೊಟ್ಟಿರಿ, ಅಲ್ಲವೇ?" ಎಂದನು. ನಾವು ತಲೆ ತಗ್ಗಿಸಿದೆವು. ಶಾಲಿನ ಸಲಹೆ ನಮ್ಮದೇ ಆಗಿತ್ತು. ನೋವುಂಡು ಗಳಿಸಿದ ಅರಿವನ್ನು ನಾವು ದಾನವೆಂದು ಬಗೆದಿದ್ದೆವು. ಅದು ಆತನ ಕಾಯಕವೆಂಬುದನ್ನು ಮರೆತಿದ್ದೆವು. ಯಜಮಾನರು ಒಡನೆಯೇ ಶುಲ್ಕ ಸಲ್ಲಿಸಿದರು; ಇಳಿಜಾರನ್ನು ಒಡೆಸಿ, ಮಧ್ಯದಲ್ಲಿ ತಿರುವು ಕೊಟ್ಟು ೧೮ ಅಡಿಗೆ ಕಟ್ಟಿಸಿದರು.

ಅಂಗಡಿ, ಕಲ್ಯಾಣಮಂಟಪ, ಶಾಲೆಗಳನ್ನು ನಡೆಸುವ ಓದುಗರಲ್ಲಿ ನಮ್ಮ ಬಿನ್ನಹವಿಷ್ಟೆ: ಕಟ್ಟಿದ ಮೇಲೆ ಕರೆದು ತೋರಿಸಬೇಡಿ, ನಕ್ಷೆ ಬರೆಯುವ ಮೊದಲೇ ಅವರನ್ನು ಕರೆಯಿರಿ, ಕೇಳಿರಿ, ಕೂಲಿ ಕೊಡಿರಿ. ಒಡೆದು ಕಟ್ಟುವ ಖರ್ಚು ಉಳಿದೀತು, ಹೊಸ್ತಿಲಿಂದ ಹಿಂದಿರುಗುವವರ ಅವಮಾನವೂ ತಪ್ಪೀತು.