ನಿಪ್ಪಾಣಿಯಿಂದ ಮುಂಬಯಿಗೆ: ದಾರಿಯ ಕಥೆ ಹೇಳುವ ಬಗೆ

ನಿಪ್ಪಾಣಿಯಿಂದ ಮುಂಬಯಿಗೆ ರಸ್ತೆಯಲ್ಲಿ 400 ಕಿಲೋಮೀಟರಿಗೂ ಹೆಚ್ಚು. ಚಿಕ್ಕೋಡಿ, ರಾಯಬಾಗ ಕಡೆಯ ಗಾಡಿಗಳು ಸಾಮಾನ್ಯವಾಗಿ ನಿಪ್ಪಾಣಿಯಲ್ಲೇ ರಾಷ್ಟ್ರೀಯ ಹೆದ್ದಾರಿ 48 ಸೇರುತ್ತವೆ. ಅಥಣಿ, ಕಾಗವಾಡದವರಿಗೆ ಮಿರಜ್ ದಾರಿ ಹತ್ತಿರ.

ಈ ಪ್ರವಾಸದ ಬಗ್ಗೆ ಆನ್‌ಲೈನ್ ಗೆಳೆಯರಿಗೆ ಕಳಿಸುವ ವಿಡಿಯೊಗಳು ಬಹುಪಾಲು ಗೇಟ್‌ವೇ ಆಫ್ ಇಂಡಿಯಾ ಮುಂದಿನ ಸೆಲ್ಫಿಯಿಂದಲೇ ಶುರುವಾಗುತ್ತವೆ. ಆದರೆ ಹೇಳಬೇಕಾದ ಕಥೆ ಮನೆಯ ಹತ್ತಿರವೇ ಆರಂಭವಾಗುತ್ತದೆ.

ಕಾಗವಾಡ ತಾಲ್ಲೂಕಿಗೆ ಸಮೀಪ, ಕೃಷ್ಣಾ ತೀರದಲ್ಲಿ ಖಿದ್ರಾಪುರದ ಕೋಪೇಶ್ವರ ಗುಡಿ ಇದೆ. 12ನೇ ಶತಮಾನದ್ದು, ಶಿಲಾಹಾರರ ಕಾಲದ್ದು. ಅದರ ಸ್ವರ್ಗಮಂಟಪದ ಚಾವಣಿ ನಡುವೆ ದುಂಡಗೆ ತೆರೆದಿದೆ. ಕೆಳಗೆ ನಿಂತು ಕ್ಯಾಮೆರಾ ಮೇಲೆತ್ತಿದರೆ ಕಂಬಗಳ ಸುತ್ತಿನೊಳಗೆ ನೇರ ಆಕಾಶ. ಗುಡಿ ಮಹಾರಾಷ್ಟ್ರದಲ್ಲಿದ್ದರೂ ಶಾಸನಗಳಲ್ಲಿ ಹೆಚ್ಚಿನವು ಕನ್ನಡದವು. ಅವನ್ನು ತೋರಿಸದ ವಿಡಿಯೊ ಅಪೂರ್ಣವೇ ಸರಿ.

ಕೊಲ್ಹಾಪುರ ನಿಪ್ಪಾಣಿಯಿಂದ ಸುಮಾರು 40 ಕಿಲೋಮೀಟರ್. ಅಲ್ಲಿನ ಮಹಾಲಕ್ಷ್ಮಿ ಗುಡಿಯಲ್ಲಿ ಜನವರಿ ಕೊನೆಗೆ ಮತ್ತು ನವೆಂಬರ್‌ನಲ್ಲಿ ಕಿರಣೋತ್ಸವ: ಮುಳುಗುವ ಸೂರ್ಯನ ಕಿರಣ ದೇವಿಯ ಮೂರ್ತಿಯನ್ನು ಮುಟ್ಟುತ್ತದೆ. ಗುಡಿಯೊಳಗೆ ಫೋಟೊ ತೆಗೆಯುವಂತಿಲ್ಲ. ಕಂಡದ್ದನ್ನು ಮಾತಿನಲ್ಲೇ ಹೇಳಬೇಕು. ಇಂಥಲ್ಲಿ ಒಳ್ಳೆಯ ನಿರೂಪಣೆಗೆ ನಿಜವಾದ ಬೆಲೆ.

ಮುಂದೆ ಕರಾಡ, ಸಾತಾರಾ, ಖಂಬಾಟಕಿ ಘಾಟ್, ಪುಣೆ.

ಮುಂಬಯಿಯಲ್ಲಿ ಗೇಟ್‌ವೇ 1924ರದ್ದು. ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ 2004ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಕನ್ನಡ ಪ್ರವಾಸಿಗರು ಮಾಟುಂಗಾವನ್ನೂ ನೋಡಬೇಕು: 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಅಲ್ಲಿದೆ.

ವಿಡಿಯೊ ಹಂಚುವಾಗ ಹೋದ ತಿಂಗಳು, ಹಿಡಿದ ದಾರಿ, ಆದ ಖರ್ಚು ಸೇರಿಸಿದರೆ ನೋಡುವವರಿಗೆ ಉಪಯೋಗ. ಮನೆಮಂದಿಯೆಲ್ಲ ಹೋಗಿದ್ದರೆ ಊರಿಗೆ ಮರಳಿದ ಮೇಲೆ ಹಾಕುವುದು ಕ್ಷೇಮ. ಬೀಗ ಹಾಕಿದ ಮನೆಯ ಸುದ್ದಿ ಅಪರಿಚಿತರಿಗೂ ತಲುಪುತ್ತದೆ.